ಒಂದು ಗೇಣು ಬಿಳಿ ಟೇಪು

ಏಳು ವರ್ಷಗಳಿಂದ ಇವಾಕಿ ಗೆಂಜೋನ ಬಲಗೈಯ ಮೂರು ಬೆರಳುಗಳಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ತಂಪೂ ತಿಳಿಯುತ್ತಿರಲಿಲ್ಲ. ಕೊಕುರಾದ ಸಂತೆಬೀದಿಯಲ್ಲಿದ್ದ ಮೂಲಂಗಿ, ಮೊಟ್ಟೆ ಸಾರಿನಲ್ಲಿ ಬೇಯಿಸಿ ಮಾರುವ ತನ್ನ ಓದೆನ್ ಅಂಗಡಿಯಲ್ಲಿ ಅವನು ಕುದಿಯುವ ಹಂಡೆಗೆ ಬರಿಗೈ ಹಾಕಿ ಮೂಲಂಗಿ ಹೋಳು ಎತ್ತಿದರೆ ಗಿರಾಕಿಗಳು ಹೋ ಎಂದು ಮೇಜು ಬಡಿಯುತ್ತಿದ್ದರು. ಅವರ ಪಾಲಿಗೆ ಅದು ಹಾರ್ಡ್‌ಕೋರ್ ಕುಸ್ತಿಯ ಹಳೆಹುಲಿಯ ಕೆಚ್ಚು. ಗೆಂಜೋನ ಪಾಲಿಗೆ ಅದು ಜೊತೆಗೆ ಕುಸ್ತಿಯಾಡುವ ನಿಶಿಗಾಕಿ ಶುಹೇ ಅವನ ಮೈಮೇಲೆ ಬಿಟ್ಟುಹೋದ ಸಹಿ.

ಇಪ್ಪತ್ತಾರು ವರ್ಷ ಅವನು ಮುಳ್ಳುತಂತಿ, ಟ್ಯೂಬ್‌ಲೈಟು, ಮೊಳೆಹಲಗೆ, ಬೆಂಕಿ ಎಲ್ಲದರ ಮೇಲೂ ಬಿದ್ದವನು. ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ಅವನ ಬೆನ್ನು ನೋಡಿದವರು ಪಕ್ಕದ ತೊಟ್ಟಿಗೆ ಸರಿಯುತ್ತಿದ್ದರು. ಆದರೆ ಆ ಬೆನ್ನಿನ ಒಂದೊಂದು ಗಾಯವೂ ಮೊದಲೇ ಮಾತಾಡಿ ಒಪ್ಪಿಕೊಂಡದ್ದು. ರಕ್ತ ನಿಜ, ಹಗೆ ಸುಳ್ಳು. ಈ ಕಸುಬು ನಿಂತಿರುವುದೇ ಅದರ ಮೇಲೆ. ಒಪ್ಪಿಕೊಳ್ಳದ ಪೆಟ್ಟು ಅವನಿಗೆ ಬಿದ್ದದ್ದು ಒಂದೇ, ಹಕಾತಾದ ಪಂದ್ಯದಲ್ಲಿ. ನಿಶಿಗಾಕಿ ಅವನನ್ನು ತಲೆಯ ಮೇಲೆತ್ತಿ ರಿಂಗಿನ ನಡುವೆ ಕೆಡವಬೇಕಿತ್ತು. ಇನ್ನೂರು ಸಲ ಹಾಗೆ ಎತ್ತಿದ್ದ, ಒಂದು ಅಂಗುಲ ತಪ್ಪಿರಲಿಲ್ಲ. ಆ ದಿನ ಎರಡು ಅಡಿ ತಪ್ಪಿದ. ಗೆಂಜೋನ ಕುತ್ತಿಗೆ ರಿಂಗಿನ ಅಂಚಿಗೆ ಬಡಿಯಿತು. ಬೆರಳುಗಳ ಜೋಮು ಅಂದಿನದು.

ಮರುದಿನ ಆಸ್ಪತ್ರೆಯಲ್ಲಿ ನಿಶಿಗಾಕಿ ನೆಲಕ್ಕೆ ಹಣೆ ಹಚ್ಚಿ "ತಪ್ಪಾಯ್ತು ಅಣ್ಣ" ಎಂದ. ಎದ್ದಾಗ ಮಾತ್ರ ಮುಖ ನೋಡಲಿಲ್ಲ. ಅಂದಿನಿಂದ ಒಮ್ಮೆಯೂ ನೆಟ್ಟಗೆ ನೋಡಿಲ್ಲ. ಮಾತಾಡುವಾಗ ಅವನ ನೋಟ ಗೆಂಜೋನ ಕಿವಿಯ ಆಚೆ ಎಲ್ಲೋ ನಿಲ್ಲುತ್ತಿತ್ತು. ಕೈತಪ್ಪಿ ಆದದ್ದಾಗಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ಅಳುತ್ತಿದ್ದ ಎಂದು ಗೆಂಜೋ ತರ್ಕಿಸಿದ. ಗೆಂಜೋ ಮಲಗಿದ್ದ ಎಂಟು ತಿಂಗಳಲ್ಲಿ ಪೋಸ್ಟರಿನ ನಡುವಿನ ಜಾಗ ನಿಶಿಗಾಕಿಯದಾಯಿತು. ಅನುಮಾನಕ್ಕೆ ಇನ್ನೇನು ಬೇಕು?

ಆದರೂ ಅದು ಬರೀ ಅನುಮಾನವಾಗಿಯೇ ಉಳಿದಿತ್ತು, ಏಪ್ರಿಲ್‌ವರೆಗೆ. ಒಂದು ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಯ ತಗಡಿನ ಗೋಡೆಯಾಚೆ ನಿಶಿಗಾಕಿ, ಕುಸ್ತಿ ಕಂಪನಿಯ ಯಜಮಾನ ಮುರೊಜುಮಿಯ ಜೊತೆ ಮಾತಾಡುತ್ತಿದ್ದ.

"ಮುಂದಕ್ಕೆ ಹಾಕ್ಬೇಡಿ. ಅಣ್ಣನ ಕೊನೇ ಪಂದ್ಯ ನವೆಂಬರ್‌ನಲ್ಲೇ ಇಡಿ, ನನ್ನ ಜೊತೆ. ಇನ್ನೂ ತಡ ಮಾಡಿದ್ರೆ ಯಾರಾದ್ರೂ ಸಾಯ್ತಾರೆ."

"ಹೇಳೋರ್ಯಾರಪ್ಪ? ಆ ಹಂಡೇಲಿ ನನ್ನ ತಲೆ ಅದ್ದಿ ಬೇಯಿಸ್ತಾನೆ ಅವನು!"

"ನಾನೇ ಹೇಳ್ತೀನಿ. ನಾನು ಹೇಳಿದ್ರೆ ಕೇಳ್ತಾನೆ."

ಕೇಳ್ತಾನೆ! ಗೆಂಜೋ ಸದ್ದಿಲ್ಲದೆ ಹೊರಬಂದ. ಅಂಗಡಿ ತಲುಪುವಷ್ಟರಲ್ಲಿ ಅವನ ಮನಸ್ಸು ಗಟ್ಟಿಯಾಗಿತ್ತು. ನವೆಂಬರ್‌ನಲ್ಲಿ ಒಬ್ಬ ರಿಂಗ್ ಬಿಡುತ್ತಾನೆ, ಸರಿ. ಆ ಒಬ್ಬ ತಾನಲ್ಲ.

ಬೇಸಿಗೆಯಿಡೀ ಅವನು ಅವಸರವಿಲ್ಲದೆ ಯೋಚಿಸಿದ. ವಿಷ, ಕತ್ತಲ ಬೀದಿ, ಅಡಗಿ ಕೂರುವುದು, ಇವೆಲ್ಲ ಮರೆ ಬೇಕಾದವರ ದಾರಿ. ಅವನಿಗೆ ಮರೆ ಬೇಕಿರಲಿಲ್ಲ. ಆರುನೂರು ಜನ ಟಿಕೆಟ್ ಹಿಡಿದು ಬಂದು, ಕಣ್ಣೆದುರೇ ನೋಡಿ, ಅದು ಆಟದಲ್ಲಾದ ಅನಾಹುತ ಎಂದು ಆಣೆ ಮಾಡಿ ಹೇಳುತ್ತಾರೆ.

ನಿಶಿಗಾಕಿ ವಾರಕ್ಕೊಮ್ಮೆ ಅಂಗಡಿಗೆ ಬರುತ್ತಿದ್ದ. ಗೋಡೆ ಬದಿಯ ಅದೇ ಪೀಠ, ಅದೇ ಶೋಚು ಮದ್ಯ, ಗೆಂಜೋನ ಹೆಗಲ ಮೇಲೆ ಅದೇ ಕೈ. ಒಂದು ಸಂಜೆ ಅವನೇ ನವೆಂಬರ್ ಪಂದ್ಯದ ಮಾತು ತೆಗೆದ.

"ಕೊನೇಲಿ ಅಟ್ಟದ ಮೇಲಿಂದ ನಾನೇ ಬೀಳ್ತೀನಿ ಅಣ್ಣ. ನೀವು ಗೆದ್ದು ಕೈ ಎತ್ತಿ ಹೋಗಿ."

"ಯಾಕೋ, ನನಗೆ ಬೀಳೋಕೆ ಬರಲ್ವಾ?"

"ನಿಮ್ಮ ಕುತ್ತಿಗೆ ಮತ್ತೆ ನನ್ನ ಕೈಲಿ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ, ಹೇಳಿ."

ಗೆಂಜೋ ಅವನ ಬಟ್ಟಲಿಗೆ ಮೊಟ್ಟೆ ಹಾಕುತ್ತ ಈ ಔದಾರ್ಯದ ಹಿಂದೆ ಏನಿದೆ ಎಂದು ಹುಡುಕಿದ. ಸೋತು ಬಿದ್ದವನಿಗೇ ಜನ ಕರಗುತ್ತಾರೆ, ಗೆದ್ದವನನ್ನು ಮನೆಗೆ ಕಳಿಸುತ್ತಾರೆ. ಅದೇ ಇರಬೇಕು. ಇರಲಿ. ಕೇಳದೆಯೇ ಬಾಗಿಲು ತೆರೆದುಕೊಂಡಿತ್ತು.

ಅಟ್ಟವೆಂದರೆ ರಿಂಗಿನ ಪಕ್ಕ ಕಬ್ಬಿಣದ ಕೊಳವೆಗಳಿಂದ ಕಟ್ಟುವ ಹದಿಮೂರು ಅಡಿ ಎತ್ತರದಲ್ಲಿ ಹಲಗೆ ಹಾಸಿದ ಕಿರಿದಾದ ಓಣಿ. ಬಲತುದಿಯಲ್ಲಿ ಏಣಿ. ಕೆಳಗೆ ಹಳೆಯ ಹಾಸಿಗೆ, ಅದರ ಮೇಲೆ ರಟ್ಟಿನ ಪೆಟ್ಟಿಗೆಗಳು, ಅದರ ಮೇಲೆ ತೆಳುಹಲಗೆ, ಮುಳ್ಳುತಂತಿ, ಟ್ಯೂಬ್‌ಲೈಟು. ಜನಕ್ಕೆ ಮೇಲಿನ ಎರಡು ಮಾತ್ರ ಕಾಣುವಂತೆ ಸುತ್ತ ಕಪ್ಪು ಬಟ್ಟೆ. ಹಾಸಿಗೆಯ ಅಗಲ ಒಬ್ಬ ಮನುಷ್ಯನಿಗೆ ಸರಿ. ಅದರ ಎಡಕ್ಕೆ, ಅದೇ ಬಟ್ಟೆಯೊಳಗೆ, ಅಟ್ಟ ಅಲುಗದಂತೆ ಇಟ್ಟ ಕಬ್ಬಿಣದ ತೂಕಗಳು. ಎಲ್ಲಿ ನಿಂತರೆ ಹಾಸಿಗೆ ಸಿಗುತ್ತದೆಂಬುದಕ್ಕೆ ಓಣಿಯ ಹಲಗೆಯ ಮೇಲೆ ಒಂದು ಗೇಣು ಬಿಳಿ ಟೇಪು. ಬೆನ್ನು ಹಾಕಿ ಬೀಳುವವನು ಕೆಳಗೆ ನೋಡುವುದಿಲ್ಲ. ನೋಡಿದರೆ ಮೈ ಬಿಗಿಯುತ್ತದೆ, ಬಿಗಿದ ಮೈ ಮುರಿಯುತ್ತದೆ. ಅವನು ಟೇಪನ್ನು ನಂಬುತ್ತಾನೆ.

ಗೆಂಜೋ ಮುಟ್ಟಬೇಕಾದದ್ದು ಆ ಟೇಪನ್ನು ಮಾತ್ರ. ಎಡಕ್ಕೆ ಮೂರು ಅಡಿ. ಆಮೇಲೆ ಯಾರಾದರೂ ಅಳೆದು ನೋಡಿದರೂ, ಅವಸರದಲ್ಲಿ ತಪ್ಪಾಗಿ ಅಂಟಿಸಿದ್ದಾರೆ ಎಂದುಕೊಳ್ಳುತ್ತಾರೆ. ಟೇಪಿನ ಮೇಲೆ ಬೆರಳಚ್ಚು ಸಿಕ್ಕರೂ ಚಿಂತೆಯಿಲ್ಲ. ಅಟ್ಟದ ಮೇಲೆ ಉರುಳಾಡಿದವನ ಬೆರಳಚ್ಚು ಎಲ್ಲಿ ತಾನೇ ಇರುವುದಿಲ್ಲ? ಜನರ ಫೋನುಗಳ ಬಗ್ಗೆಯೂ ಯೋಚಿಸಿದ. ಅವು ತೋರಿಸುವುದು ಮೊದಲೇ ನಿಗದಿಯಾದ ಒಂದು ನೂಕನ್ನು. ಆ ನೂಕು ಪಂದ್ಯದ ನಡೆಗಳನ್ನು ಮುರೊಜುಮಿ ಬರೆದಿಟ್ಟ ಹಾಳೆಯಲ್ಲೇ ಇದೆ. ತಾನು ಹೇಳಬೇಕಾದ ಮಾತನ್ನೂ ಅವನು ಕನ್ನಡಿಯೆದುರು ಹೇಳಿ ನೋಡಿದ: ಅವನು ಯಾವಾಗಲಿನಂತೆ ಟೇಪು ನೋಡಿಕೊಂಡೇ ನಿಂತ, ನಾನು ತಳ್ಳಿದೆ, ಅಷ್ಟೇ.

ನವೆಂಬರ್‌ನ ಆ ಭಾನುವಾರ ಮಧ್ಯಾಹ್ನ ರಿಂಗ್ ಕಟ್ಟುವವರೆಲ್ಲ ಊದೊನ್ ಶಾವಿಗೆ ತಿನ್ನಲು ಹೋದಾಗ ಗೆಂಜೋ ಮೇಲೆ ಹತ್ತಿದ. ಕೆಲಸ ಅರ್ಧ ನಿಮಿಷದ್ದು. ಜೋಮು ಹಿಡಿದ ಬೆರಳುಗಳಿಗೆ ಟೇಪಿನ ಅಂಟು ತಿಳಿಯಲಿಲ್ಲ. ಹಾಗಾಗಿ ಹಲ್ಲಿನಿಂದ ತುದಿ ಕಚ್ಚಿ ಎಳೆದ.

ಪಂದ್ಯ ಅವನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಮೂರನೆಯ ನಿಮಿಷಕ್ಕೇ ಇಬ್ಬರ ಹಣೆಯೂ ಒಡೆಯಿತು. ಟ್ಯೂಬ್‌ಲೈಟುಗಳ ಬಿಳಿ ಪುಡಿ ಸಭಾಂಗಣದಲ್ಲಿ ಹಬೆಯಂತೆ ನಿಂತಿತು. ಬಾಲ್ಕನಿಯಿಂದ ಯಾರೋ ಮೀನುಮಾರುವವಳು ಕೂಗಿದಳು: "ಗೆಂಜೋ, ಸಾಯ್ಬೇಡ್ವೋ, ನಾಳೆ ಅಂಗಡಿ ತೆಗೀಬೇಕು!" ಸಭೆ ಬಿದ್ದು ಬಿದ್ದು ನಕ್ಕಿತು. ನಿಶಿಗಾಕಿಯೂ ನಕ್ಕ. ಅವನ ಪಟ್ಟುಗಳು ಎಂದಿಗಿಂತ ಮೃದುವಾಗಿದ್ದವು. ಕುತ್ತಿಗೆಗೆ ಒಮ್ಮೆಯೂ ಕೈ ಹಾಕಲಿಲ್ಲ. ಈಗ ನೆನಪಾಯಿತೇ ಎಂದು ಗೆಂಜೋ ಒಳಗೇ ಹಲ್ಲು ಕಡಿದ.

ಹದಿನೆಂಟನೆಯ ನಿಮಿಷಕ್ಕೆ ನಿಶಿಗಾಕಿ ಏಣಿ ಹತ್ತಿದ, ಹಿಂದೆ ಗೆಂಜೋ. ಓಣಿಯಲ್ಲಿ ಮುಂದೆ ನಡೆದ ನಿಶಿಗಾಕಿ ನಿಂತು, ತಿರುಗಿ, ಸಭೆಗೆ ಬೆನ್ನು ಹಾಕಿದ. ಗೆಂಜೋ ಕೆಳಗೆ ಹಲಗೆಯತ್ತ ಕಣ್ಣು ಹಾಯಿಸಿದ. ನಿಶಿಗಾಕಿ ಟೇಪಿನ ಮೇಲೆ ನಿಂತಿರಲಿಲ್ಲ. ಟೇಪು ಇನ್ನೂ ಮೂರು ಅಡಿ ಎಡಕ್ಕಿತ್ತು, ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು. ಇವನಿಗೆ ಗೊತ್ತಾಗಿದೆಯೇ? ಯಾರಾದರೂ ನೋಡಿ ಹೇಳಿದರೇ? ಗೆಂಜೋ ಅವನ ಮುಖ ನೋಡಿದ. ಅಲ್ಲಿ ರಕ್ತವಿತ್ತು, ಬೆವರಿತ್ತು, ಕಪಟವೇನೂ ಕಾಣಲಿಲ್ಲ. ಕಣ್ಣಿಗೆ ರಕ್ತ ಇಳಿದಿದೆ, ಅಷ್ಟೇ. ಗೆಂಜೋ ಅವನ ತಲೆಗೆ ತಲೆ ಬಡಿದು, ಕುತ್ತಿಗೆ ಹಿಡಿದು, ಎರಡು ಹೆಜ್ಜೆ ಎಡಕ್ಕೆ ಎಳೆದ. ನಿಶಿಗಾಕಿ ಅಡ್ಡಿ ಮಾಡಲಿಲ್ಲ. ಕುಣಿತಕ್ಕೆ ಕರೆದವರ ಹಿಂದೆ ಬರುವಂತೆ ಹಗುರಾಗಿ ಬಂದ.

"ಇಲ್ಲೇನಾ ಅಣ್ಣ?" ಎಂದು ಪಿಸುಗುಟ್ಟಿದ.

"ಇಲ್ಲೇ."

"ಹಾಗಾದ್ರೆ ಜೋರಾಗಿ ತಳ್ಳಿ. ಜನ ಕಾಯ್ತಿದ್ದಾರೆ."

ಗೆಂಜೋ ತಳ್ಳಿದ. ಗಾಜು ಒಡೆಯುವ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಬಂತು, ಗಟ್ಟಿಯಾದದ್ದು, ಚಿಕ್ಕದು. ಅದನ್ನು ಕೇಳಿಸಿಕೊಂಡವನು ತಾನೊಬ್ಬನೇ ಎಂದು ಅವನಿಗೆ ಅನಿಸಿತು. ಜನ ಇನ್ನೂ ಅವನ ಹೆಸರು ಕೂಗುತ್ತಿದ್ದರು.

ಮುಂದಿನದೆಲ್ಲ ಅವನು ಬರೆದಿಟ್ಟಂತೆಯೇ ನಡೆಯಿತು. ಪೊಲೀಸರು ಬಂದರು, ಅಳೆದರು, ಟೇಪಿನ ತಪ್ಪು ಕಂಡುಹಿಡಿದರು. ರಿಂಗ್ ಕಟ್ಟುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅತ್ತರು. ಗೆಂಜೋ ಕನ್ನಡಿಯೆದುರು ಕಲಿತ ಮಾತನ್ನು ತಡವರಿಸುತ್ತ ಹೇಳಿದ, ಬರೆದುಕೊಂಡರು, ಅವನು ಕೆಳಗೆ ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿದ. ಅಂತ್ಯಕ್ರಿಯೆಯಲ್ಲಿ ನಿಶಿಗಾಕಿಯ ಹೆಂಡತಿ ಚಿಜುರು ಅವನೆದುರು ಬಾಗಿದಳು. "ಬೇರೆ ಯಾರ ಕೈಲೂ ಅಲ್ವಲ್ಲ, ಅಣ್ಣನ ಕೈಲಿ ಹೋದ್ರು. ಅದನ್ನೇ ಸಮಾಧಾನ ಅಂದ್ಕೊಳ್ತೀನಿ" ಎಂದಳು. ಅವಳ ದನಿಯಲ್ಲಿ ಅನುಮಾನದ ಎಳೆಗಾಗಿ ಗೆಂಜೋ ಹುಡುಕಿದ. ಒಂದೂ ಸಿಗಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ, ಅವನು ಹಂಡೆಗೆ ಮೂಲಂಗಿ ಇಳಿಸುತ್ತಿದ್ದಾಗ, ಆ ಹೇಳಿಕೆ ಬರೆದುಕೊಂಡಿದ್ದ ಇನ್ಸ್‌ಪೆಕ್ಟರ್ ಸೊನೋಡಾ ಒಬ್ಬಳೇ ಬಂದು ಕುಳಿತಳು. ಟೀ ಬೇಡವೆಂದಳು. ಬಾಲ್ಕನಿಯಿಂದ ಯಾರೋ ತೆಗೆದ ವಿಡಿಯೋವನ್ನು ಫೋನಿನಲ್ಲಿ ತೋರಿಸಿದಳು: ನಿಶಿಗಾಕಿ ನಿಲ್ಲುವುದು, ಗೆಂಜೋ ಕೆಳಗೆ ಹಲಗೆಯತ್ತ ಒಮ್ಮೆ ಕಣ್ಣು ಹಾಯಿಸುವುದು, ಎರಡು ಹೆಜ್ಜೆ ಎಳೆಯುವುದು. "ಅವರು ಮೊದಲು ನಿಂತ ಜಾಗದ ಕೆಳಗೇ ಹಾಸಿಗೆ ಇತ್ತು. ಸರಿಯಾಗಿ ನಡುಮಧ್ಯ. ಅದು ಹೇಗೆ ಅಂತ ನನಗೆ ಬಗೆಹರಿದಿರಲಿಲ್ಲ. ನಿನ್ನೆ ಅವರ ಹೆಂಡತಿ ಕೂತು ಹೇಳಿದ್ರು. ಪಂದ್ಯದ ದಿನ ಬೆಳಿಗ್ಗೆನೇ ಮೇಲೆ ಹತ್ತಿ, ಏಣಿಯಿಂದ ಐದು ಹೆಜ್ಜೆ ಅಂತ ಎಣಿಸಿ ಇಟ್ಕೊಂಡಿದ್ರಂತೆ. ಎಡಗಣ್ಣು ಹಕಾತಾ ಪಂದ್ಯಕ್ಕೆ ಹನ್ನೊಂದು ದಿನ ಮೊದಲೇ ಹೋಗಿತ್ತು, ಗಾಜಿನ ಚೂರು ಬಿದ್ದು. ಬಲಗಣ್ಣಿಗೂ ಎರಡು ವರ್ಷದಿಂದ ಬರೀ ನೆರಳು. ನಿಮಗೆ ಗೊತ್ತಾದ್ರೆ ಜೊತೆಗೆ ಆಡೋದೇ ಬಿಡ್ತೀರಿ ಅಂತ ಮುಚ್ಚಿಟ್ಟಿದ್ರು. ನವೆಂಬರ್ ಪಂದ್ಯ ಅವರಿಗೂ ಕೊನೇದೇ ಆಗಿತ್ತು." ಅವಳು ಮಡಚಿದ ಹಾಳೆಯನ್ನು ಬಿಚ್ಚಿ, ಅವನ ಕೆಂಪು ಮುದ್ರೆಯ ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ನೀವು ಹೇಳಿದ್ದೀರಿ, ಟೇಪು ನೋಡಿಕೊಂಡೇ ನಿಂತ ಅಂತ. ಇವಾಕಿಯವರೇ, ಟೇಪು ಕಂಡಿದ್ದು ಯಾರಿಗೆ?"