ಬೆಳ್ಳಿ ಹಾಕಿದ ಹಲ್ಲು

"ಇದು ನಮ್ಮನೆ ಬೆಳ್ಳಿ ಡಾಕ್ಟ್ರೇ. ನನ್ನ ಕಣ್ಣೆದುರೇ ಅರೆದು ಹಾಕಿ."

ದಾಕ್ಷಾಯಣಮ್ಮ ತಮ್ಮ ಕಾಲ್ಗೆಜ್ಜೆಯ ತುಂಡನ್ನು ಟ್ರೇ ಮೇಲೆ ಇಟ್ಟರು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಮೊಮ್ಮಗಳು ತನುಜಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಖೋಖೋ ಆಡುವಾಗ ಕಂಬಕ್ಕೆ ಬಡಿದು ಅವಳ ಮುಂದಿನ ಹಲ್ಲು ಅರ್ಧ ಮುರಿದಿತ್ತು. ನಾಳೆ ಐದನೇ ಕ್ಲಾಸಿನ ಗ್ರೂಪ್ ಫೋಟೋ ಬೇರೆ.

ತಪ್ಪು ಅಜ್ಜಿಯದಲ್ಲ, ಡಾಕ್ಟರ್ ಜ್ಞಾನೇಶ್ ಅವರದೇ. ಆ ವರ್ಷ ನ್ಯಾನೋ ಕಾರು ಬರುತ್ತದೆಂದು ಪೇಪರಿನ ತುಂಬ ಸುದ್ದಿ. ಗೋಪಾಳದ ಇವರ ಕ್ಲಿನಿಕ್ಕಿಗೆ ಹಲ್ಲಿನ ನ್ಯಾನೋ ಆಗಲೇ ಬಂದುಬಿಟ್ಟಿತ್ತು. 'ಬೆಳ್ಳಿಯ ನ್ಯಾನೋ ಕಣ! ನೀಲಿ ಲೈಟಿಗೆ ಗಟ್ಟಿಯಾಗುವ ಹಲ್ಲು! ಕ್ರಿಮಿ ಹತ್ತಿರ ಸುಳಿಯದು!' ಎಂದು ಬೋರ್ಡು ಕೂಗುತ್ತಿತ್ತು. ಬೆಳ್ಳಿ ಅಂದಮೇಲೆ ಅಜ್ಜಿ ಸುಮ್ಮನಿರುತ್ತಾರೆಯೇ? ಅಕ್ಕಸಾಲಿಗರಿಗೂ ಮನೆಯ ಬೆಳ್ಳಿಯನ್ನೇ ಕೊಟ್ಟು, ಕೆಲಸ ಮುಗಿಯುವ ತನಕ ಎದುರಿಗೇ ಕೂರುವವರು ಅವರು. ಭದ್ರಾವತಿಯಲ್ಲಿ ಬಸ್ಸು ಹತ್ತುವ ಮೊದಲೇ ಗೆಜ್ಜೆ ಕತ್ತರಿಸಿಕೊಂಡು ಬಂದಿದ್ದರು.

ಕಣ ಬಹಳ ಸಣ್ಣದು, ಕಣ್ಣಿಗೆ ಕಾಣುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಕಾಣದ ಬೆಳ್ಳಿಯನ್ನು ನಂಬುವುದು ಹೇಗೆ ಎಂದು ಅಜ್ಜಿ ಕೇಳಿದರು. ಡಾಕ್ಟರು ಬೆವರು ಒರೆಸಿಕೊಂಡು, ಚೀಟಿ ಬರೆಸಿಕೊಂಡು ಬನ್ನಿ ಎಂದು ಅವರನ್ನು ಹೊರಗೆ ಕಳಿಸಿದರು.

"ಬೆಳ್ಳಿ ಹಾಕಿದ್ರೆ ಹಲ್ಲು ಕಪ್ಪಾಗುತ್ತಾ ಸಾರ್?" ತನುಜಾ ಮೆಲ್ಲಗೆ ಕೇಳಿದಳು. ಅವಳಿಗೆ ಅಳು ಬರುವಂತಾಗಿತ್ತು.

"ಆಗಬಹುದು. ಅದನ್ನ ಸರಿಮಾಡೋಕೆ ಇನ್ನೂ ಪ್ರಯೋಗ ನಡೀತಿದೆ. ಬೋರ್ಡಲ್ಲಿ ಏನೇ ಇರಲಿ, ನಾನು ಹಲ್ಲಿಗೆ ಹಾಕೋ ಪೇಸ್ಟಲ್ಲಿ ಬೆಳ್ಳಿ ಇಲ್ಲಮ್ಮ," ಎಂದರು ಡಾಕ್ಟರು, ಇನ್ನೂ ಮೆಲ್ಲಗೆ.

ಅಜ್ಜಿ ಬಂದು ಎದುರಿಗೇ ಕೂತರು. ಡಾಕ್ಟರು ಬಹಳ ಗಂಭೀರವಾಗಿ ಗೆಜ್ಜೆಯನ್ನು ಅರದಿಂದ ಉಜ್ಜಿದರು. ಪುಡಿಯೆಲ್ಲ ಅಜ್ಜಿಗೆ ಕಾಣದಂತೆ ಹತ್ತಿಯ ಮೇಲೇ ಉಳಿಯಿತು. ಬರೀ ಬಿಳಿ ಪೇಸ್ಟು ಹಲ್ಲಿಗೆ ಹೋಯಿತು. ನೀಲಿ ಲೈಟು ಬಿತ್ತು, ಪೇಸ್ಟು ಗಟ್ಟಿಯಾಯಿತು. ಕನ್ನಡಿಯಲ್ಲಿ ನೋಡಿದರೆ ಹಲ್ಲು ಹಾಲಿನಷ್ಟು ಬೆಳ್ಳಗಿತ್ತು.

ಬಸ್ಸು ಮಲವಗೊಪ್ಪ ದಾಟುವಾಗ ಅಜ್ಜಿ ಹಿಗ್ಗಿ ಹೀರೇಕಾಯಿ ಆಗಿದ್ದರು. ಇನ್ನೊಂದು ಕಾಲಿನ ಗೆಜ್ಜೆ ಕತ್ತರಿಸಿ ತಮ್ಮ ಹಲ್ಲಿಗೂ ಹಾಕಿಸಿಕೊಳ್ಳುತ್ತೇನೆ ಎಂದರು. ಅದು ಅಜ್ಜಿಯ ಮದುವೆಯ ಗೆಜ್ಜೆ. ತನುಜಾ ಎಲ್ಲವನ್ನೂ ಹೇಳಿಬಿಟ್ಟಳು.

ಅಜ್ಜಿ ಸೀರೆಯನ್ನು ಕಾಲಿನ ಗೆಜ್ಜೆಯ ಮೇಲೆ ಎಳೆದುಕೊಂಡರು. ಆಮೇಲೆ, "ಮೊಮ್ಮಗಳಿಗೆ ಬೆಳ್ಳಿ ಹಲ್ಲು ಹಾಕಿಸ್ತೀನಿ ಅಂತ ಪಕ್ಕದ್ಮನೆ ಶಕುಂತಲಮ್ಮಂಗೆ ಹೇಳ್ಬಿಟ್ಟಿದೀನಲ್ಲೇ ಮಾರಾಯ್ತಿ," ಎಂದರು.

ಶಕುಂತಲಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಬೆಳ್ಳಿ ಹಾಕಿದರಾ ಎಂದು ಕೇಳಿದರು. ಅಜ್ಜಿ ತಲೆ ತಗ್ಗಿಸಿ ಚಪ್ಪಲಿ ಬಿಡತೊಡಗಿದರು.

"ಹೂಂ ಆಂಟಿ. ಅಪ್ಪಟ ಬೆಳ್ಳಿ," ಎಂದು ತನುಜಾ ಹಲ್ಲು ಕಿರಿದಳು.

ಹೇಳಿ ಮುಗಿಸಿದ ಮೇಲೆ, ಪಾಪ, ಅಜ್ಜಿಯ ಮುಂದೆ ಗೆಜ್ಜೆ ಉಜ್ಜುವಾಗ ಡಾಕ್ಟರಿಗೂ ಹೀಗೇ ಆಗಿರಬೇಕು ಅನ್ನಿಸಿತು ಅವಳಿಗೆ.