ಹರಳು ಆರುವ ಹೊತ್ತು

ಹರಳುಗಳ ವಿದ್ಯೆಯನ್ನು ಅರ್ಧಂಬರ್ಧ ತಿಳಿದುಕೊಂಡು ಈ ಕತೆ ಹೇಳಹೊರಟದ್ದನ್ನು ಓದುಗರು ಮನ್ನಿಸಬೇಕು. ತಪ್ಪಿದ್ದರೆ ಅದು ಹೇಳುವವರದು, ಹರಳಿನದಲ್ಲ.

೨೦೬೧ರ ಮೇ ತಿಂಗಳ ಒಂದು ಮಧ್ಯಾಹ್ನ ಭೀಮಾ ನದಿಯ ಹೊಸ ರೈಲು ಸೇತುವೆ ಒಂದು ಗೇಣು ಹಿಗ್ಗಿತು. ಎಲ್ಲೂ ಬಿರುಕು ಬಿಡಲಿಲ್ಲ. ಅದರ ತೊಲೆಗಳ ಕೆಳಗೆ ವಿಜ್ಞಾನಿ ಧನ್ಯತಾ ಕಂಡುಹಿಡಿದ ಹರಳಿನ ದಿಂಡುಗಳಿದ್ದವು. ಶಾಖ ನಲವತ್ತೆಂಟು ಡಿಗ್ರಿ ಮುಟ್ಟಿದಾಗ ಆ ಹರಳಿನ ಪರಮಾಣುಗಳು ಸಾಲು ಬದಲಿಸುತ್ತವೆ, ಅಯಸ್ಕಾಂತದ ಗುಣವೂ ಅಳಿಯುತ್ತದೆ. ಹಾಗೆ ಬದಲಾಗುವ ಅರ್ಧ ಗಂಟೆ ಮಾತ್ರ ಹರಳು ರಬ್ಬರಿನಂತೆ ಮೆದುವಾಗಿ, ಹಿಗ್ಗುವ ಕಬ್ಬಿಣಕ್ಕೆ ಜಾಗ ಬಿಡುತ್ತದೆ. ಆಮೇಲೆ ಮತ್ತೆ ಕಲ್ಲು. ಮೆದುವಾದ ದಿಂಡಿನ ಮೇಲೆ ರೈಲಿನ ಭಾರ ಬಿದ್ದರೆ ತೊಲೆ ಜಾರಬಹುದೆಂದು ಆ ಅರ್ಧ ಗಂಟೆ ರೈಲು ಬಿಡಬಾರದೆಂಬ ನಿಯಮವಿತ್ತು. ಅಷ್ಟು ಬಿಸಿಲು ಬಿದ್ದದ್ದು ಆ ದಿನವೇ ಮೊದಲು.

ಸಂಜೆ ಶಾಖ ಇಳಿಯಿತು. ಹಳೆಯ ರೂಪಕ್ಕೆ ಮರಳುವಾಗಲೂ ಹರಳು ಮೆದುವಾಗುತ್ತದೆಂದು ನಲವತ್ತೆಂಟರಲ್ಲಿ ಮತ್ತೆ ಅರ್ಧ ಗಂಟೆ ರೈಲು ತಡೆದರು. ಹಸಿರು ದೀಪ ಹತ್ತಿತು. ಎಂಟುನೂರು ಜನರಿದ್ದ ಪ್ಯಾಸೆಂಜರ್ ರೈಲು ಹಿಂದಿನ ಸ್ಟೇಷನ್ನಿನಿಂದ ಹೊರಟಿತು.

ಎರಡು ಸಲ ನೋಡದೆ ಸಮಾಧಾನವಿಲ್ಲದ ಧನ್ಯತಾ ಸೇತುವೆಯ ಬುಡದಲ್ಲಿ ನಿಂತು ದುಪಟ್ಟಾದ ಪಿನ್ನು ತೆಗೆದು ದಿಂಡಿಗೆ ಮುಟ್ಟಿಸಿದಳು. ಅಂಟಿಕೊಳ್ಳಬೇಕಿತ್ತು, ಜಾರಿ ಬಿತ್ತು. ಹರಳು ಇನ್ನೂ ಹಳೆಯ ರೂಪಕ್ಕೆ ಮರಳಿರಲೇ ಇಲ್ಲ! ಹಾಗಾದರೆ ಮೆದುವಾಗುವುದು ಯಾವಾಗ?

ಪ್ರಯೋಗಶಾಲೆಯಲ್ಲಿ ಕಾಯಿಸುವಾಗ ಒಂದೊಂದು ಡಿಗ್ರಿಗೂ ಅಳೆದಿದ್ದಳು. ಆರುವುದನ್ನು ಅಳೆದಿರಲಿಲ್ಲ, ಯಂತ್ರ ನಿಲ್ಲಿಸಿ ಮನೆಯ ಬಸ್ಸಿಗೆ ಓಡುತ್ತಿದ್ದಳು. ಹೋದ ದಾರಿಯಲ್ಲೇ, ಅದೇ ನಲವತ್ತೆಂಟರಲ್ಲೇ ಹಿಂದಿರುಗುತ್ತದೆಂದು ನಂಬಿಬಿಟ್ಟಿದ್ದಳು.

ಸೇತುವೆ ಕಾಯುವ ಭಾಗಮ್ಮ ದಿಂಡಿಗೆ ಸುತ್ತಿಗೆಯಿಂದ ಬಡಿದಳು.

"ಮೇಡಂ, ಆವಾಗ ಗಂಟಿ ಹಂಗ ಖಣ್ ಅಂತಿತ್ತು. ಈಗ ಕುಂಬಳಕಾಯಿ ಬಡದಂಗ ಅದ ನೋಡ್ರಿ."

"ಮೀಟರ್ ನಲವತ್ತೆರಡು ತೋರಿಸ್ತಿದೆ, ಭಾಗಮ್ಮ. ಹಸಿರು ದೀಪಾನೂ ಇದೆ."

"ದೀಪಕ್ಕ ಕಿವಿ ಅವ ಏನ್ರಿ? ನೀವೇ ಬಡದು ನೋಡ್ರಿ."

ಧನ್ಯತಾ ಬಡಿದಳು. ಮೊಂಡು ಸದ್ದು. ದೂರದಲ್ಲಿ ರೈಲು ಕೂಗಿತು.

"ನಿಲ್ಲಿಸಿ ತಪ್ಪಾದ್ರೆ?"

"ಬೈತಾರ. ಬೈಸ್ಕೋರಿ!" ಭಾಗಮ್ಮ ಕೆಂಪು ಬಾವುಟವನ್ನು ಅವಳ ಕೈಗೆ ತುರುಕಿದಳು.

ಧನ್ಯತಾ ಹಳಿಯ ಮೇಲೆ ಓಡಿದಳು. ಸೇತುವೆಗೆ ನೂರು ಮೀಟರ್ ಇರುವಾಗ ರೈಲು ಕಿರುಗುಟ್ಟಿ ನಿಂತಿತು. ಕಿಟಕಿಗಳಿಂದ ಬೈಗುಳ ಸುರಿಯಿತು. ಅರ್ಧ ಗಂಟೆಯ ಮೇಲೆ ದಿಂಡು ಗಟ್ಟಿಯಾಗಿ, ರೈಲು ದಾಟಿತು.

ವರದಿಯಲ್ಲಿ ಅವಳು ತನ್ನ ತಪ್ಪನ್ನು ತಾನೇ ಬರೆದಳು. ಮೇಲಿನವರು ಕೇಳಿದ್ದು ಒಂದೇ: ರೈಲನ್ನು ನಿಲ್ಲಿಸದಿದ್ದರೆ ಸೇತುವೆ ತಾಳುತ್ತಿರಲಿಲ್ಲವೇ? 'ಗೊತ್ತಿಲ್ಲ' ಎಂದು ಉತ್ತರಿಸಿದಳು. ಇವತ್ತು ನಾವು ನಂಬಿ ಹತ್ತುವ, ದಾಟುವ ವಸ್ತುಗಳಲ್ಲಿ ಯಾವ ಯಾವುದನ್ನು ಪೂರ್ತಿ ಆರುವತನಕ ಕಾದು ನೋಡಿದ್ದಾರೆ? ಅದೂ ಗೊತ್ತಿಲ್ಲ.