ಎಡಗಡೆಯ ಮುಂಚಕ್ರ

ಬೆಳಿಗ್ಗೆ ಏಳಕ್ಕೆ ಹಾಲಿನ ವ್ಯಾನಿನವನು ಮೊದಲು ಕಂಡ. ಇಳಿಜಾರಿನ ಕೊನೆಗೆ, ರಸ್ತೆಯ ಬಲಕ್ಕಿರುವ ಕಲ್ಲುಗೋಡೆಗೆ ಮೂತಿ ಜಜ್ಜಿಕೊಂಡು ನಿಂತ ನೀಲಿ ಕಾರು. ಒಳಗೆ ಆಸ್ಪತ್ರೆಯ ನರ್ಸ್. ಸಮವಸ್ತ್ರದ ಇಸ್ತ್ರಿ ಕೆಟ್ಟಿರಲಿಲ್ಲ. ಜೀವ ಇರಲಿಲ್ಲ.

ಐದು ದಿನದ ಹಿಂದಷ್ಟೇ ಆ ಕಾರಿಗೆ ಹೊಸ ಬ್ರೇಕ್ ಹಾಕಿಸಿದ್ದರು. ಹತ್ತು ಗಂಟೆಯೊಳಗೆ ಮೆಕ್ಯಾನಿಕ್ ಮೇಸ್ತ್ರಿ ಠಾಣೆಯ ಬೆಂಚಿನ ಮೇಲಿದ್ದ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ ಮಂಡಿಯ ಮೇಲೆ ಸುಮ್ಮನೆ ಬಿದ್ದಿತ್ತು.

"ತೂತಿರೋ ಡಿಸ್ಕ್ ಹಾಕು ಅಂದಿದ್ದೆ ಮೇಡಂ, ರೇಸ್ ಗಾಡೀದು," ನರ್ಸಿನ ಗಂಡ ಇನ್‌ಸ್ಪೆಕ್ಟರಿಗೆ ಹೇಳಿದ. "ಇವನು ಬೇಡ ಅಂದ."

"ದಿನಾ ಆಸ್ಪತ್ರೆಗೆ ಹೋಗಿಬರೋ ಗಾಡಿ ಸ್ವಾಮಿ," ಮೇಸ್ತ್ರಿ ತಲೆ ಎತ್ತಲಿಲ್ಲ. "ತೂತಿನ ಸುತ್ತ ಬಿರುಕು ಬಿಡುತ್ತೆ. ಚಕ್ರದ ಜೊತೆ ತಿರುಗೋ ಡಿಸ್ಕ್ ಸಾದಾ ಸಾಕು, ಅದನ್ನ ಹಿಡಿದು ನಿಲ್ಸೋ ಪ್ಯಾಡ್ ಚೆನ್ನಾಗಿರ್ಲಿ ಅಂದೆ. ನಿಮ್ಮ ಮನೆಯವರು ಒಪ್ಪಿದ್ರು."

"ಒಪ್ಪಿದೋಳು ಎಲ್ಲಿದಾಳೆ ಈಗ? ಹೋಗಿ ಕೇಳು!"



* * *

ಮರುದಿನ ಇನ್‌ಸ್ಪೆಕ್ಟರ್ ತಜ್ಞರ ಅಭಿಪ್ರಾಯಕ್ಕೆ ಬಿಡಿಭಾಗದ ಅಂಗಡಿಯವನನ್ನು ಕರೆಸಿದಳು. ಎಲ್ಲದಕ್ಕೂ ಗ್ಯಾರಂಟಿ ಕೊಡುವವನಾದ್ದರಿಂದ ಅವನಿಗೆ ಗ್ಯಾರಂಟಿ ಭಾವ ಎಂದೇ ಹೆಸರು. ಠಾಣೆಯ ಹಿತ್ತಲಲ್ಲಿ ಕಾರಿನ ಜೊತೆ ಅರ್ಧ ಗಂಟೆ ಒಬ್ಬನೇ ಇದ್ದು, ಉಪಕರಣದ ಚೀಲ ಹೆಗಲಿಗೇರಿಸಿ ಬಂದ.

"ಪ್ಯಾಡ್ ಅಪ್ಪಟ ಚಿನ್ನ. ನಮ್ಮ ಅಂಗಡೀದೇ. ಎಡಗಡೆ ಡಿಸ್ಕ್ ನೋಡಿ, ಉತ್ತ ಹೊಲ! ಗುಜರಿ ಮಾಲು ಹಾಕಿದಾನೆ. ಗ್ಯಾರಂಟಿ."

ಅಷ್ಟು ಸಾಕಿತ್ತು. ವರದಿಗೆ ಇನ್‌ಸ್ಪೆಕ್ಟರ್ ಸಹಿ ಬಿದ್ದರೆ ಗ್ಯಾರೇಜಿಗೆ ಬೀಗ, ಮೇಸ್ತ್ರಿಗೆ ಜೈಲು.

ಸಹಿಗೆ ಮೊದಲು ಇನ್‌ಸ್ಪೆಕ್ಟರ್ ಹಿತ್ತಲಿಗೆ ಹೋದಳು. ಎಡಚಕ್ರದ ಪ್ಯಾಡಿನ ಮೇಲೆ ಬೆರಳಾಡಿಸಿದಳು. ಬೆರಳು ಸ್ವಚ್ಛವಾಗಿಯೇ ಇತ್ತು. ಒಳಗೆ ಬಂದು ಬೆಂಚಿನ ಮುಂದೆ ನಿಂತಳು.

"ಮೇಸ್ತ್ರಿ, ಪ್ಯಾಡ್ ಕೂರಿಸೋ ಮುಂಚೆ ಏನು ಮಾಡ್ತೀರಿ?"

"ಅಂಚಿಗೆ ಅರ ಹಾಕಿ ಉಜ್ತೀನಿ. ಇಲ್ದಿದ್ರೆ ಕೀಚ್ ಅನ್ನುತ್ತೆ. ಗ್ಯಾರೇಜಿನ ಮೇಲೇ ನಮ್ಮನೆ, ಆ ಸದ್ದು ಕೇಳಿದ್ರೆ ನಮ್ಮಾಕೆ ಊಟ ಹಾಕಲ್ಲ."

"ಎಲ್ಲಾ ಗಾಡಿಗೂ?"

"ದೇವರ ಗಾಡಿ ಬಂದ್ರೂ."

* * *

ಗ್ಯಾರಂಟಿ ಭಾವನ ಅಂಗಡಿಯ ಗಲ್ಲಾ ಮೇಜಿನ ಮೇಲೆ ಇನ್‌ಸ್ಪೆಕ್ಟರ್ ನಾಲ್ಕು ಪ್ಯಾಡ್ ಜೋಡಿಸಿದಳು.

"ಇವೆರಡು ಬಲಚಕ್ರದ್ದು. ಅಂಚು ಉಜ್ಜಿದೆ, ಐದು ದಿನದ ಕರಿ ಹತ್ತಿದೆ. ಇವೆರಡು ಎಡಚಕ್ರದ್ದು. ಅಂಚು ಚೂಪು, ಮೈಮೇಲೆ ಒಂದು ಗೀರಿಲ್ಲ."

"ಉಜ್ಜೋದು ಮರೆತಿರ್ತಾನೆ."

"ಆಯ್ತು, ಮರೆತ. ಹೊಸ ಪ್ಯಾಡು ತಾನು ಸವೀದೇ ಡಿಸ್ಕನ್ನ ಉತ್ತು ಹಾಕ್ತಾ? ಉತ್ತಿದ್ದು ಕಬ್ಬಿಣ. ನೀವು ಮಾರಿದ್ದು ನಕಲಿ ಪ್ಯಾಡು. ಇಳಿಜಾರಲ್ಲಿ ಅದರ ಪದರ ಕಿತ್ತು ಬಂತು, ಹಿಂದಿನ ತಗಡು ಡಿಸ್ಕಿಗೆ ತಾಗ್ತು. ಎಡಗಡೆ ಬ್ರೇಕ್ ಹಿಡೀಲಿಲ್ಲ, ಗಾಡಿ ಬಲಕ್ಕೆ ಎಳೆದು ಗೋಡೆಗೆ ನುಗ್ತು. ಆ ಪ್ಯಾಡು ಎಲ್ಲಿ? ಮೇಸ್ತ್ರಿ ಅಪಘಾತದ ದಿನದಿಂದ ನಮ್ಮ ಬೆಂಚಿನ ಮೇಲಿದಾನೆ. ಆಮೇಲೆ ಚಕ್ರ ಬಿಚ್ಚಿದ್ದು ನೀವೊಬ್ಬರೇ. ಕರೆಸಿದ್ದು ನಾನೇ, ಅದು ನನ್ನ ಕರ್ಮ."



ಅಷ್ಟರಲ್ಲಿ ಕಾನ್‌ಸ್ಟೇಬಲ್ ಗಲ್ಲಾ ಮೇಜಿನ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಮೇಲೆ ದಪ್ಪಕ್ಷರದಲ್ಲಿ 'ವಾಪಸ್ ಮಾಲು' ಎಂದಿತ್ತು. ಒಳಗೆ ಬರಿಯ ತಗಡಾದ ಒಂದು ಪ್ಯಾಡ್. ಅದರ ಜೋಡಿಗೆ, ಅಂಚಿಗೆ ಅರ ಹಾಕಿದ ಇನ್ನೊಂದು. ಕೆರೆಗೆ ಎಸೆದಿದ್ದರೆ ಬಚಾವಾಗುತ್ತಿದ್ದ. ಆದರೆ ಕೆಟ್ಟ ಮಾಲು ಕೈಗೆ ಬಂದರೆ ಅಂಗಡಿಯವನ ಕೈ ತಾನಾಗಿ ಆ ಪೆಟ್ಟಿಗೆಯತ್ತ ಹೋಗುತ್ತದೆ.

"ನಕಲಿ ಅಂತ ಗೊತ್ತಿರ್ಲಿಲ್ಲ ಮೇಡಂ."

"ಬದಲಾಯಿಸಿದ್ದು ಗೊತ್ತಿದ್ದೇ ತಾನೆ?"

* * *

"ನೀವು ಮನೆಗೆ ಹೋಗ್ಬಹುದು," ಇನ್‌ಸ್ಪೆಕ್ಟರ್ ಮೇಸ್ತ್ರಿಗೆ ಹೇಳಿದಳು.

ಅವನು ಏಳಲಿಲ್ಲ.

"ಆಯಮ್ಮ ಪ್ಯಾಡಿನ ಎರಡು ಡಬ್ಬಿ ಹಿಡ್ಕೊಂಡು ಕೇಳಿದ್ರು ಮೇಡಂ, ಯಾವ್ದು ಹಾಕಿಸ್ಲಿ ಅಣ್ಣಾ ಅಂತ. ಇದು ಹಾಕ್ಸಮ್ಮ ಅಂತ ಬೆರಳು ಮಾಡಿದೋನು ನಾನು."

ಬಾಗಿಲಲ್ಲಿ ನಿಂತಿದ್ದ ನರ್ಸಿನ ಗಂಡ ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.